ಬೆಳಗಿನ ಅರ್ಧ ಗಂಟೆಯ ಪ್ಲೇಟಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬಾನುಲಿ ಕೇಂದ್ರದ ಉದ್ದನೆಯ ಕಾರಿಡಾರಿನಲ್ಲಿ ಒಂದು ಬಿಟ್ಟು ಒಂದು ದೀಪ ಉರಿಯುತ್ತಿದೆ. ಕೊನೆಯ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ತುಸು ಎತ್ತಿ ಹಿಡಿದರೆ ಮಾತ್ರ ಬೀಗ ತಿರುಗುತ್ತದೆ. ಒಳಗೆ ಕಾಲಿಟ್ಟ ಹೆಂಗಸು ದೀಪ ಹಾಕುವುದಿಲ್ಲ. ಚಪ್ಪಲಿ ಬಿಟ್ಟು, ಕತ್ತಲಲ್ಲೇ ನಾಲ್ಕನೆಯ ಕಪಾಟಿನವರೆಗೆ ನಡೆದು, ಕೈ ಚಾಚಿ ಒಂದು ಗ್ರಾಮಫೋನ್ ಪ್ಲೇಟನ್ನು ಹೊರಗೆಳೆಯುತ್ತಾರೆ. ಕಿಟಕಿಯ ಬಳಿ ತಂದು ಓರೆಯಾಗಿ ಹಿಡಿದಾಗ ಬೀದಿದೀಪದ ಬೆಳಕು ಆ ಕಪ್ಪು ಗೆರೆಗಳ ಮೇಲೆ ಒಂದು ಸುತ್ತು ಹೊಡೆಯುತ್ತದೆ. ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸುತ್ತಾರೆ, ಮಲಗಿದ ಮಗುವಿನ ಹಣೆ ಸವರಿದ ಹಾಗೆ.

"ದೀಪ ಹಾಕಿದ್ರೆ ಎಲ್ಲರೂ ಒಟ್ಟಿಗೆ ಎದ್ದುಬಿಡ್ತಾರೇನೋ ಅನ್ಸುತ್ತೆ. ಒಬ್ಬೊಬ್ಬರನ್ನೇ ಎಬ್ಬಿಸಬೇಕು," ಎನ್ನುತ್ತಾರೆ. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ನಾಚಿ ನಗುತ್ತಾರೆ.

ಕೇಂದ್ರದಲ್ಲಿ ಎಲ್ಲರೂ ಇವರನ್ನು ಕರೆಯುವುದು ಪ್ಲೇಟಕ್ಕ ಎಂದು. ಹೊಸದಾಗಿ ಬಂದ ಕಾವಲುಗಾರನೊಬ್ಬ ಎರಡು ತಿಂಗಳು ಇವರನ್ನು ಕ್ಯಾಂಟೀನಿನಲ್ಲಿ ಪ್ಲೇಟು ತೊಳೆಯುವವರು ಎಂದೇ ತಿಳಿದು, "ಅಕ್ಕಾ, ಇವತ್ತು ತಿಂಡಿ ಏನು?" ಎಂದು ಕೇಳುತ್ತಿದ್ದನಂತೆ. ಇವರೂ ತಿದ್ದಲು ಹೋಗದೆ ದಿನಕ್ಕೊಂದು ತಿಂಡಿಯ ಹೆಸರು ಹೇಳುತ್ತಿದ್ದರಂತೆ.

ದಿನವೂ ಬೆಳಗ್ಗೆ ಆರಕ್ಕೆ ಈ ಕೇಂದ್ರದಿಂದ ಅರ್ಧ ಗಂಟೆ ಶಾಸ್ತ್ರೀಯ ಸಂಗೀತ ಬರುತ್ತದೆ. ಹಾಡಿದವರ, ಪಿಟೀಲು ನುಡಿಸಿದವರ, ತಾಳ ಹಿಡಿದವರ ಹೆಸರು ಹೇಳುತ್ತಾರೆ. ಅವನ್ನು ಓದಿದ ಉದ್ಘೋಷಕಿ ತನ್ನ ಹೆಸರನ್ನೂ ಹೇಳುತ್ತಾಳೆ. ಹದಿನಾಲ್ಕು ಸಾವಿರದ ಮುನ್ನೂರು ಪ್ಲೇಟು ಮತ್ತು ಟೇಪುಗಳ ನಡುವಿನಿಂದ ಆ ದಿನಕ್ಕೆ ಬೇಕಾದ ನಾಲ್ಕನ್ನು ಆರಿಸಿಕೊಟ್ಟವರ ಹೆಸರು ಮಾತ್ರ ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಬಂದಿಲ್ಲ.

ನಾಲ್ಕು ಆರಿಸಲು ಹಿಂದಿನ ದಿನ ಹತ್ತನ್ನಾದರೂ ಕೇಳುತ್ತಾರೆ. ಕೇಳಿದ್ದನ್ನೆಲ್ಲ ಬರೆದಿಡಲು ಒಂದು ಗೆರೆ ಹಾಕಿದ ಪುಸ್ತಕ, ಈಗಿನದು ಮೂವತ್ತೊಂದನೆಯದು. ಸಂಗೀತ ಬಲ್ಲವರು ಬರೆಯುವ ಒಂದು ಪದವೂ ಅದರಲ್ಲಿ ಇಲ್ಲ. "ಒದ್ದೆ ಬಟ್ಟೆ ಒಣಗುವ ವಾಸನೆ" ಎಂದು ಒಂದು ಕಡೆ ಇದೆ. ಇನ್ನೊಂದು ಕಡೆ, "ತಲೆ ಬಾಚಿಸಿಕೊಳ್ಳುತ್ತ ತೂಕಡಿಸುವ ಹುಡುಗಿ". ಮತ್ತೊಂದರ ಮುಂದೆ ಬರೀ "ಮಂಜು" ಎಂದಿದೆ. ಅದು ಯಾವುದೆಂದು ಕೇಳಿದರೆ ಹಾಕಿ ತೋರಿಸುತ್ತಾರೆ. ಹೆಣ್ಣಿನ ಧ್ವನಿಯೊಂದು ಎಲ್ಲಿಂದಲೋ ಹೊರಟು, ನಡುವೆ ಕಾಣೆಯಾಗಿ, ನಾವು ನೋಡದೆ ಇದ್ದ ಕಡೆಯಿಂದ ಮತ್ತೆ ಬರುತ್ತದೆ. ಮಂಜು ಎನ್ನದೆ ಬೇರೆ ಏನನ್ನಾದರೂ ಬರೆಯುವುದು ನನಗೂ ಸಾಧ್ಯವಾಗುವುದಿಲ್ಲ.

ಆಯ್ಕೆಯಲ್ಲಿ ಮನೆಯವರ ಕೈವಾಡವೂ ಇದೆ. ಪ್ಲೇಟಕ್ಕನ ಗಂಡ ಊರಿನಿಂದ ಬೆಳಗ್ಗೆ ಹೊರಡುವ ಮೊದಲ ಬಸ್ಸಿನ ಡ್ರೈವರ್. ಬಸ್ಸಿನಲ್ಲಿ ರೇಡಿಯೊ ಇದೆ. ಶಾಸ್ತ್ರೀಯ ಸಂಗೀತ ಎಂದರೆ ಅವರಿಗೆ ಅಷ್ಟಕ್ಕಷ್ಟೆ.

"ಒಂದೇ ಸಾಲನ್ನ ಎಷ್ಟು ಸಲ ಹೇಳ್ತಾರೆ ಇವ್ರು! ಮೊದಲನೇ ಸಲಾನೇ ನಮಗೆ ಅರ್ಥ ಆಗಿರುತ್ತೆ," ಎಂದು ಅವರ ತಕರಾರು. ಒಮ್ಮೆ ನಿಧಾನದ ಆಲಾಪ ಬರುತ್ತಿದ್ದಾಗ ಸೇತುವೆಯ ತಿರುವಿನಲ್ಲಿ ಕಣ್ಣು ಎಳೆದುಬಿಟ್ಟಿತಂತೆ. ಮನೆಗೆ ಬಂದವರೇ, "ನೋಡು ಮಾರಾಯ್ತಿ, ನಲವತ್ತು ಜನ ಇರ್ತಾರೆ ಬಸ್ಸಲ್ಲಿ. ನೀನು ಎಲ್ಲರನ್ನೂ ಹೊಳೆಗೆ ಹಾಕಿಸ್ತೀಯ," ಎಂದರು. ಅಂದಿನಿಂದ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಬಸ್ಸು ಸೇತುವೆ ಹತ್ತುವ ಹೊತ್ತಿಗೆ, ತಾಳ ಬಿಗಿಯಾಗಿರುವ ಏನಾದರೊಂದು ಬಂದೇ ಬರುತ್ತದೆ. ಈ ಗುಟ್ಟು ಕೇಂದ್ರದ ನಿರ್ದೇಶಕರಿಗೂ ಗೊತ್ತಿಲ್ಲ.

ಪ್ಲೇಟಕ್ಕ ಓದಿದ್ದು ಏಳನೆಯ ತರಗತಿ. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದರು. ಬಿಳಿ ಚಾದರಗಳನ್ನು ಇಬ್ಬರೂ ಎರಡು ತುದಿ ಹಿಡಿದು ಕೊಡವುತ್ತಿದ್ದದ್ದು ಇವರ ಬಾಲ್ಯ. ಮೂವತ್ತೊಂದನೆಯ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಶಾಲೆಗೆ ಸೇರಿಸಿದ ಮೇಲೆ, ಪ್ಲೇಟುಗಳ ಧೂಳು ಒರೆಸಲು ಇಲ್ಲಿ ಸೇರಿದರು. ದಿನಕ್ಕೆ ನಲವತ್ತು ಒರೆಸಬೇಕು. ಆಗ ಸಂಗೀತ ವಿಭಾಗದಲ್ಲಿದ್ದ ಅಧಿಕಾರಿಯನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒರೆಸಿದ ಮೇಲೆ ಪ್ರತಿಯೊಂದನ್ನೂ ಒಂದು ನಿಮಿಷವಾದರೂ ಹಾಕಿ ಕೇಳಬೇಕು, ಗ್ರಾಮಫೋನಿನ ಮುಳ್ಳು ಎಲ್ಲಾದರೂ ಎಡವುತ್ತದೋ ನೋಡಬೇಕು ಎಂಬುದು ಮೇಷ್ಟರ ಕಟ್ಟಪ್ಪಣೆ. ಒಂದು ನಿಮಿಷ ಎಂದದ್ದು ಐದಾಯಿತು, ಹತ್ತಾಯಿತು.

"ಸಂಜೆ ಹೋಗೋವಾಗ ಮೇಷ್ಟ್ರು ಕೇಳ್ತಿದ್ರು, ಇವತ್ತು ಯಾವುದು ಹಿಡಿಸ್ತಮ್ಮ ಅಂತ. ಸುಮ್ಮನೆ ಕೇಳ್ತಾರೆ ಅಂದ್ಕೊಂಡಿದ್ದೆ. ಒಂದಿನ ಬೆಳಗ್ಗೆ ಒಲೆ ಮುಂದೆ ಇದ್ದೀನಿ, ನಾನು ಹೇಳಿದ್ದೇ ರೇಡಿಯೊದಲ್ಲಿ ಬಂತು. ಕೈಲಿದ್ದ ಸೌಟು ಹಾಗೇ ನಿಂತ್ಹೋಯ್ತು. ಹಾಲು ಉಕ್ಕಿದ್ದೂ ಗೊತ್ತಾಗ್ಲಿಲ್ಲ."

ಮೇಷ್ಟ್ರು ನಿವೃತ್ತರಾದರು. ಆ ಹುದ್ದೆಗೆ ಯಾರೂ ಬರಲಿಲ್ಲ. ಕೆಲಸ ಮಾತ್ರ ಸದ್ದಿಲ್ಲದೆ ಇವರ ಮಡಿಲಿಗೆ ಬಂತು. ಕಾಗದದಲ್ಲಿ ಇವರು ಇಂದಿಗೂ ಧೂಳು ಒರೆಸುವ ಸಹಾಯಕಿ.

ಎಂಟು ವರ್ಷಗಳ ಹಿಂದಿನ ಒಂದು ಬೆಳಗನ್ನು ಹೇಳುವಾಗ ಮಾತ್ರ ಇವರ ದನಿ ಸಣ್ಣದಾಗುತ್ತದೆ. ಅಂದು ಬೀಗಕ್ಕೆ ಕೈ ಹಾಕುವ ಮೊದಲೇ ಪಾದ ಒದ್ದೆಯಾಯಿತು. ಮೇಲಿನ ಮಹಡಿಯಲ್ಲಿ ನೀರಿನ ಪೈಪು ಒಡೆದಿತ್ತು. ಬಾಗಿಲು ತೆರೆದರೆ ಚಾವಣಿಯ ಹಲಗೆ ಬಸುರಿಯ ಹೊಟ್ಟೆಯಂತೆ ಕೆಳಗೆ ಇಳಿದಿದೆ. ಕಾವಲುಗಾರ ನಲ್ಲಿಯ ಕೀಲಿ ಹುಡುಕಲು ಓಡಿದ. ಕೋಣೆಯಲ್ಲಿ ಉಳಿದವರು ಇವರೊಬ್ಬರೇ.

ಹಲಗೆಯ ಕೆಳಗೆ ಬಲಕ್ಕೆ ಗಾಜಿನ ಬೀರು. ಅದರಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಪ್ಲೇಟುಗಳು, ಬಂದ ಗಣ್ಯರಿಗೆಲ್ಲ ತೋರಿಸುವಂಥವು. ಎಡಕ್ಕೆ ತಗಡಿನ ಬೂದು ಡಬ್ಬಿಗಳು, ಮುನ್ನೂರು. ಈ ಊರಿನವರೇ ಎಂದೋ ಒಮ್ಮೆ ಸ್ಟುಡಿಯೊಗೆ ಬಂದು ಹಾಡಿ, ನುಡಿಸಿ ಹೋದ ಟೇಪುಗಳು ಅವು. ಹಾಡಿದವರಲ್ಲಿ ಒಬ್ಬರು ಅಂಚೆ ಗುಮಾಸ್ತರು, ಒಬ್ಬರು ಶಾಲೆಯ ಟೀಚರು, ಒಬ್ಬಾಕೆ ಆಗ ಏಳು ತಿಂಗಳ ಬಸುರಿ. ಹೊರಗೆ ಯಾರೂ ಹೆಸರು ಕೇಳದ ಮಂದಿ.

"ಬೀರುವಿನಲ್ಲಿ ಇದ್ದದ್ದು ಅಂಗಡೀಲಿ ಸಿಗುತ್ತೆ. ಈ ಡಬ್ಬಿ ಹೋದ್ರೆ ಹೋಯ್ತು. ಅಷ್ಟೇ ಹೊಳೆದದ್ದು."

ತೋಳ ತುಂಬ ಡಬ್ಬಿ ಹೊತ್ತು ಕಾರಿಡಾರಿಗೆ ಇಪ್ಪತ್ತೆರಡು ಸಲ ಓಡಾಡಿದರು. ಎಲ್ಲವನ್ನೂ ಹೊರಲು ಹೊತ್ತಿಲ್ಲವೆಂದು ತಿಳಿದಿತ್ತು. ಯಾವುದನ್ನು ಮೊದಲು ತೆಗೆದುಕೊಂಡಿರಿ ಎಂದು ಕೇಳುತ್ತೇನೆ. ಕೈಯಲ್ಲಿನ ಬಟ್ಟೆಯನ್ನು ಮಡಿಸುತ್ತಾರೆ. "ಸುಳ್ಳು ಯಾಕೆ ಹೇಳ್ಲಿ? ನನಗೆ ಇಷ್ಟ ಆದದ್ದನ್ನೇ ಹೊತ್ತೆ."

ಇಪ್ಪತ್ತಮೂರನೆಯ ಸಲ ಒಳಗೆ ಹೋಗುವಷ್ಟರಲ್ಲಿ ಹಲಗೆ ಕುಸಿಯಿತು. ಬೀರು ಅಡ್ಡ ಬಿತ್ತು. ನಲವತ್ತೊಂದು ಡಬ್ಬಿ ನೀರಿನಲ್ಲೇ ಉಳಿದವು. ಆಗ ಆರಕ್ಕೆ ಇನ್ನು ಎಂಟೇ ನಿಮಿಷ ಇತ್ತು. ಸೀರೆ ಹಿಂಡಿಕೊಂಡು, ಉಳಿಸಿದ ಡಬ್ಬಿಗಳಿಂದಲೇ ನಾಲ್ಕನ್ನು ಆರಿಸಿ ಸ್ಟುಡಿಯೊಗೆ ಕೊಟ್ಟರು. ಅಂದು ಆರು ಗಂಟೆಗೆ ಸರಿಯಾಗಿ ಆ ಬಸುರಿ ಹೆಂಗಸಿನ ಹಾಡು ಬಂತು. ಊರು ಎಂದಿನಂತೆ ಹಲ್ಲುಜ್ಜಿತು.

ಮೆಚ್ಚುಗೆ ಬರಲಿಲ್ಲ, ನೋಟಿಸು ಬಂತು. ಬೆಲೆಬಾಳುವ ಸಂಗ್ರಹವನ್ನು ಬಿಟ್ಟು ಹಳೆಯ ಡಬ್ಬಿಗಳನ್ನು ಹೊತ್ತದ್ದು ಏಕೆಂದು ವಿವರಣೆ ಕೇಳಿದ್ದರು. ಇವರು ನಾಲ್ಕು ಸಾಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ಕೀಲಿ ಕಿತ್ತುಕೊಂಡು ಇವರನ್ನು ಟಪಾಲು ವಿಭಾಗಕ್ಕೆ ಹಾಕಿದರು. ಬೆಳಗಿನ ಅರ್ಧ ಗಂಟೆಗೆ ಕೈಗೆ ಸಿಕ್ಕಿದ್ದು ಬರತೊಡಗಿತು. ಮುಂಜಾನೆ ಕೇಳಲಾಗದ ಅಬ್ಬರದ್ದು ಒಂದು ದಿನ, ಅರ್ಧಕ್ಕೇ ಕತ್ತರಿಸಿದ್ದು ಇನ್ನೊಂದು ದಿನ.

ಮೂರನೆಯ ವಾರದಿಂದ ಕಾಗದಗಳು ಬಂದವು. ಅವನ್ನು ಒಡೆದು ಮೊಹರು ಒತ್ತುವವರು ಪ್ಲೇಟಕ್ಕನೇ. "ಬೆಳಗಿನ ಸಂಗೀತಕ್ಕೆ ಏನಾಯಿತು ಸ್ವಾಮಿ?" ಎಂದು ಹೂವಿನ ಅಂಗಡಿಯವರೊಬ್ಬರು ಕೇಳಿದ್ದರು. "ಮೊದಲು ಆರಿಸುತ್ತಿದ್ದ ಮಹನೀಯರಿಗೆ ಹುಷಾರಿಲ್ಲವೇ? ನಮ್ಮ ನಮಸ್ಕಾರ ತಿಳಿಸಿ," ಎಂದು ಒಬ್ಬ ನಿವೃತ್ತ ನರ್ಸು ಬರೆದಿದ್ದರು.

"ಅದನ್ನ ಓದಿ ಟೇಬಲ್ ಕೆಳಗೆ ಏನೋ ಬಿದ್ದಿದೆ ಅನ್ನೋ ಹಾಗೆ ಬಗ್ಗಿ ಅತ್ತುಬಿಟ್ಟೆ. ಆಮೇಲೆ ಮೊಹರು ಹಾಕಿ ಸಾಹೇಬರಿಗೆ ಕಳಿಸ್ದೆ. ಮಹನೀಯರು ನಾನೇ ಅಂತ ಹೇಳೋಕಾಗುತ್ತಾ?"

ಅಂಥ ಅರವತ್ತಮೂರು ಕಾಗದಗಳು ನಿರ್ದೇಶಕರ ಮೇಜಿಗೆ ಹೋದವು. ಅಷ್ಟರಲ್ಲಿ ಗಾಜಿನ ಬೀರುವಿನ ಪ್ಲೇಟುಗಳೆಲ್ಲ ಹೊಸದಾಗಿ ಅಂಗಡಿಯಿಂದ ಬಂದೂ ಆಗಿತ್ತು. ಮೂರು ತಿಂಗಳಾದ ಮೇಲೆ ನಿರ್ದೇಶಕರು ಇವರನ್ನು ಕರೆಸಿ, ಮುಖ ನೋಡದೆಯೇ ಕೀಲಿಯನ್ನು ಮೇಜಿನ ಮೇಲೆ ಇಟ್ಟರು. "ಬೀರುವಿನವು ವಾಪಸ್ ಬಂದ್ವು. ನೀವು ಹೊತ್ತಿದ್ದು ಹೋಗಿದ್ರೆ ಬರ್ತಿರಲಿಲ್ಲ, ಅಲ್ವಾ?" ಎಂದರು. ಅಷ್ಟೇ. ಇವರಿಗೆ ಅಷ್ಟು ಸಾಕಾಗಿತ್ತು.

ಇಲ್ಲಿಗೇ ಮುಗಿದಿದ್ದರೆ ಇದು ಗೆದ್ದವರ ಕತೆಯಾಗುತ್ತಿತ್ತು. ಮರುವರ್ಷ ಕನ್ನಡಕದ ಅಂಗಡಿ ನಡೆಸುವ ಒಬ್ಬ ಹೆಂಗಸು ಕೇಂದ್ರಕ್ಕೆ ಬಂದರು. ತಮ್ಮ ತಂದೆ ಒಮ್ಮೆ ಇಲ್ಲಿ ಕೊಳಲು ನುಡಿಸಿದ್ದರಂತೆ, ಅದನ್ನು ಒಂದು ಸಲ ಕೇಳಬೇಕಿತ್ತು ಎಂದರು. ಪ್ಲೇಟಕ್ಕನಿಗೆ ಪಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ಆ ಡಬ್ಬಿ ನಲವತ್ತೊಂದರಲ್ಲಿ ಒಂದು. ಅಂದು ಹೊರುವಾಗ ಅದಕ್ಕೆ ಎರಡು ಸಲ ಕೈ ತಾಗಿತ್ತು. ಎರಡು ಸಲವೂ ಬೇರೆಯದನ್ನು ಎತ್ತಿಕೊಂಡಿದ್ದರು.

"ಇಲ್ಲಮ್ಮ, ನೀರಲ್ಲಿ ಹೋಯ್ತು ಅಂದೆ. ನಾನೇ ಬಿಟ್ಟೆ ಅಂತಾನೂ ಹೇಳ್ದೆ. ಆಯಮ್ಮ ಬಯ್ಯಲಿಲ್ಲ. ಹೇಗಿತ್ತು ಅಂತಾದ್ರೂ ಹೇಳ್ತೀರಾ ಅಂತ ಕೇಳಿದ್ರು."

ಪ್ಲೇಟಕ್ಕ ಹಳೆಯ ಪುಸ್ತಕ ತೆಗೆದು ಹುಡುಕಿದರು. ಅದರಲ್ಲಿ ಬರೆದದ್ದು ಮೂರೇ ಪದ: "ಉಸಿರು ಕೇಳಿಸುತ್ತದೆ. ಬೇಡ." ಓದಲೋ ಬಿಡಲೋ ಎಂದು ತಡವರಿಸಿ, ಕೊನೆಗೆ ಓದಿದರು. ಆ ಹೆಂಗಸು ಕನ್ನಡಕ ತೆಗೆದರು.

"ಉಸಿರು ಕೇಳಿಸ್ತಿತ್ತಾ?" ಎಂದರು. "ಹೌದು, ಅಪ್ಪನಿಗೆ ಉಬ್ಬಸ ಇತ್ತು. ಪಕ್ಕದ ಕೋಣೇಲಿ ಮಲಗಿದ್ರೂ ನಮಗೆ ಕೇಳಿಸ್ತಿತ್ತು." ಆ ಹಾಳೆ ತಮಗೆ ಬೇಕೆಂದರು. ಪ್ಲೇಟಕ್ಕ ಅಡಿಗೋಲು ಇಟ್ಟು, ಅಂಚು ಹರಿಯದ ಹಾಗೆ ಹಾಳೆಯನ್ನು ಬಿಡಿಸಿಕೊಟ್ಟರು.

ಅಂದಿನಿಂದ ವಾರಕ್ಕೊಮ್ಮೆ, ಬುಧವಾರ, ನಾಲ್ಕರಲ್ಲಿ ಒಂದು ಇವರಿಗೆ ಇಷ್ಟವಿಲ್ಲದ್ದೇ ಆಗಿರುತ್ತದೆ. "ನನಗೆ ಹಿಡಿಸದೆ ಇರೋದು ಇನ್ಯಾರಿಗೋ ಅಪ್ಪ ಆಗಿರಬಹುದು," ಎನ್ನುತ್ತಾರೆ. ಮಧ್ಯಾಹ್ನಗಳಲ್ಲಿ ಕುಳಿತು ಉಳಿದ ಇನ್ನೂರ ಐವತ್ತೊಂಬತ್ತು ಡಬ್ಬಿಗಳನ್ನೂ ಕಂಪ್ಯೂಟರಿಗೆ ಇಳಿಸಿದ್ದಾರೆ. ಇನ್ನು ಯಾವ ನೀರೂ ಅವನ್ನು ಮುಟ್ಟುವಂತಿಲ್ಲ.

ಮುಂದಿನ ವರ್ಷ ಇವರಿಗೆ ನಿವೃತ್ತಿ. ಸನ್ಮಾನ ಮಾಡೋಣವೆಂದು ಉದ್ಘೋಷಕಿಯರು ಮಾತಾಡಿಕೊಳ್ಳುತ್ತಿದ್ದಾರೆ. ಕೊನೆಯ ದಿನವಾದರೂ ಇವರ ಹೆಸರನ್ನು ರೇಡಿಯೊದಲ್ಲಿ ಹೇಳಬೇಕೆಂದು ಒಬ್ಬಾಕೆಯ ಹಟ. ಪ್ಲೇಟಕ್ಕ ಬೇಡವೇ ಬೇಡ ಎಂದು ಕೈ ಆಡಿಸುತ್ತಾರೆ. ಹಾಗಾದರೆ ನಿಮಗೆ ಏನು ಬೇಕು ಎಂದು ಕೇಳುತ್ತೇನೆ. ಕಿಟಕಿಯ ಹೊರಗೆ ಬೆಳಕು ಹರಿಯುತ್ತಿದೆ. ಬಟ್ಟೆ ಮಡಿಸಿಟ್ಟು ಹೇಳುತ್ತಾರೆ:

"ಒಂದಿನ ಆರು ಗಂಟೆಗೆ ಮನೇಲಿ ಹಾಸಿಗೆ ಮೇಲೇ ಇರಬೇಕು. ಪಕ್ಕದಲ್ಲಿ ರೇಡಿಯೊ. ಮುಂದೆ ಏನು ಬರುತ್ತೆ ಅಂತ ನನಗೆ ಗೊತ್ತಿರಬಾರದು."