ಸೊಂಟದ ಡಬ್ಬಿಗಳ ಟೀಚರಮ್ಮ

ಎರಡನೇ ಕ್ಯಾಮೆರಾದವನು ತನ್ನ ಹೆಂಡತಿಯ ಮುಖ ನೋಡುವುದಕ್ಕೆ ಮುಂಚೆ ಅವಳ ದನಿ ಕೇಳಿದ್ದ.

ಆ ದಿನ ಟಿವಿ ಸ್ಟುಡಿಯೋದಲ್ಲಿ ಸುದ್ದಿ ಕಾರ್ಯಕ್ರಮದ ಅಭ್ಯಾಸ ನಡೆಯುತ್ತಿತ್ತು. ಅವನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ತಲೆಗೆ ಒಂದೇ ಕಿವಿಯ ಹೆಡ್‌ಫೋನು, ಬಾಯಿಯ ಮುಂದಕ್ಕೆ ಬಾಗಿದ ಪುಟ್ಟ ಮೈಕು, ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಲೋಹದ ಡಬ್ಬಿ. ಡಬ್ಬಿಯ ಮೇಲೊಂದು ಗುಂಡಿ, ಪಕ್ಕದಲ್ಲಿ ಒಂದು ಕೆಂಪು ದೀಪ. ಗುಂಡಿ ಒತ್ತಿದರೆ ಮೈಕು ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಬೆಳಗಿನಿಂದ ಹೆಡ್‌ಫೋನಿನೊಳಗೆ ಸೊಳ್ಳೆ ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಎಲ್ಲರೂ ಗೊಣಗಿಕೊಂಡು ಕೆಲಸ ಮಾಡುತ್ತಿದ್ದರು. ಆ ಗುಂಯ್ ಸದ್ದಿನ ನಡುವಿನಿಂದ ಒಂದು ಹೆಣ್ಣು ದನಿ ಬಂತು.

"ಎರಡು, ನಿಮ್ಮ ಡಬ್ಬಿಯಿಂದ ಇಳಿದಿರೋ ವೈರ್ ಸ್ವಲ್ಪ ಅಲ್ಲಾಡಿಸಿ."

ಅವನು ಅಲ್ಲಾಡಿಸಿದ.

"ಅದಲ್ಲ, ಅದು ಕ್ಯಾಮೆರಾದ್ದು. ಕಪ್ಪು ವೈರು."

"ಇಲ್ಲಿ ಎಲ್ಲಾ ಕಪ್ಪೇ ಇದಾವೆ ರೀ."

"ಹೌದಾ? ಹಾಗಾದ್ರೆ ನಿಮ್ಮ ಕಾಲು ಯಾವುದರ ಮೇಲಿದೆ ನೋಡಿ. ಅದೇ."

ಅವನು ಬಗ್ಗಿ ನೋಡಿದ. ಎಡಗಾಲಿನ ಬೂಟು ಒಂದು ವೈರನ್ನು ಹಾವಿನ ಹೆಡೆ ಮೆಟ್ಟಿದಂತೆ ಮೆಟ್ಟಿಕೊಂಡಿತ್ತು. ಕಾಲೆತ್ತಿದ. ಸೊಳ್ಳೆ ಸತ್ತಿತು. ಹೆಡ್‌ಫೋನಿನಲ್ಲಿ ಐದಾರು ಜನ ಒಟ್ಟಿಗೆ ನಕ್ಕರು. ಆಮೇಲೆ ಸೆಟ್ಟಿನ ಹಲಗೆಯ ಹಿಂದಿನಿಂದ ಒಬ್ಬಳು ಬಂದಳು. ಎಡಗೈ ತುಂಬ ಬಳೆಯ ಹಾಗೆ ಅಂಟುಟೇಪಿನ ಸುರುಳಿಗಳು, ಕಿವಿಯ ಹಿಂದೆ ಸ್ಕ್ರೂಡ್ರೈವರು. ಕುಕ್ಕರಗಾಲಲ್ಲಿ ಕೂತು ವೈರಿನ ಜಜ್ಜಿದ ಭಾಗವನ್ನು ಬೆರಳಿನಿಂದ ಸವರಿ ನೋಡಿದಳು. ಮಗುವಿನ ಮೊಣಕಾಲಿನ ಗಾಯ ನೋಡುವ ಹಾಗಿತ್ತು ಅದು. ಎದ್ದು ಹೋಗುವಾಗ, "ದೊಡ್ಡ ಕಾಲು," ಎಂದಷ್ಟೇ ಹೇಳಿದಳು.

ಆ ದೊಡ್ಡ ಕಾಲಿನವನನ್ನೇ ಮುಂದೆ ಅವಳು ಮದುವೆಯಾದಳು. ಮನೆಯಲ್ಲಿಯೂ ಗಂಡನನ್ನು ಕರೆಯುವುದು "ಎರಡು" ಎಂದೇ. ಹೊಸದರಲ್ಲಿ ಅವಳ ಅತ್ತೆ ಮಗನನ್ನು ಪಕ್ಕಕ್ಕೆ ಕರೆದು, "ಅಲ್ಲಪ್ಪಾ, ಒಂದು ಯಾರು?" ಎಂದು ಕೇಳಿದ್ದುಂಟು.

ಅವಳ ಅಪ್ಪನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ವೈರನ್ನು ತಿರುಚದೆ, ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ ಹಾಕಿ ಸುತ್ತುವುದನ್ನು ಅವಳು ಜಡೆ ಹೆಣೆದುಕೊಳ್ಳುವುದಕ್ಕೆ ಮುಂಚೆ ಕಲಿತಿದ್ದಳು. ಆಮೇಲೆ ಡಿಪ್ಲೊಮಾ ಓದಿ, ಸ್ಟುಡಿಯೋದಲ್ಲಿ ಇಂಟರ್‌ಕಾಮ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಕ್ಯಾಮೆರಾದವರು, ದೀಪದವರು, ಸೆಟ್ಟಿನ ಓಡಾಟ ನೋಡಿಕೊಳ್ಳುವ ಫ್ಲೋರಿನವರು ಪರಸ್ಪರ ಮಾತಾಡಿಕೊಳ್ಳುವ ಲೈನು ಅವಳ ಸುಪರ್ದಿ. ಚಿತ್ರೀಕರಣ ಮುಗಿದ ಕೂಡಲೇ ಎಲ್ಲರ ಸೊಂಟದಿಂದ ಡಬ್ಬಿ ಬಿಚ್ಚಿಸಿಕೊಂಡು, ಒರೆಸಿ, ಮೆತ್ತನೆ ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಮಲಗಿಸಿ ಬೀಗ ಹಾಕಿದರೇ ಅವಳಿಗೆ ಸಮಾಧಾನ. ಡಬ್ಬಿಯನ್ನು ನೆಲದ ಮೇಲೆ ಬಿಟ್ಟು ಹೋದವನಿಗೆ ಮರುದಿನ ಪಾಠ ಕಾದಿರುತ್ತಿತ್ತು. ಅದಕ್ಕೇ ಅವಳಿಗೆ ಟೀಚರಮ್ಮ ಎಂಬ ಹೆಸರು ಅಂಟಿಕೊಂಡಿತು.

ಆ ಲೈನಿನದು ಕೂಡು ಕುಟುಂಬದ ಸ್ವಭಾವ. ಒಂದೇ ಜೋಡಿ ತಂತಿಯ ಮೇಲೆ ಎಲ್ಲರ ಡಬ್ಬಿಗಳೂ ಸಾಲಾಗಿ ಕೂತಿರುತ್ತವೆ. ಒಬ್ಬ ಆಡಿದ್ದು ಎಲ್ಲರಿಗೂ ಕೇಳುತ್ತದೆ. ಗುಟ್ಟು ಹೇಳುವಂತಿಲ್ಲ, ಕೇಳಲಿಲ್ಲ ಎನ್ನುವಂತೆಯೂ ಇಲ್ಲ. ಮೇಲೆ ಅಟ್ಟದಲ್ಲಿ ದೀಪಗಳ ನಡುವೆ ಓಡಾಡುವ ದಪ್ಪ ಮೀಸೆಯ ದೀಪದಣ್ಣ, ಕೆಳಗೆ ಫ್ಲೋರ್ ನೋಡಿಕೊಳ್ಳುತ್ತ ಬಾಯಿಗೆ ಬಿಡುವು ಕೊಡದ ಗಿಣಿ ಎಂಬ ಹುಡುಗಿ, ಮೂವರು ಕ್ಯಾಮೆರಾದವರು, ಎಲ್ಲರ ಸಂಸಾರದ ಸಮಾಚಾರವೂ ಆ ತಂತಿಯ ಮೇಲೆ ಹರಿದಿತ್ತು.

ಹೀಗಿರುವಾಗ ನಿರ್ದೇಶಕರ ಕೋಣೆ ಮೂರನೇ ಮಹಡಿಗೆ ಹೋಯಿತು. ಅಲ್ಲಿಗೆ ಹೊಸ ಮ್ಯಾಟ್ರಿಕ್ಸ್ ಇಂಟರ್‌ಕಾಮ್ ಬಂತು. ಅದರಲ್ಲಿ ಎಲ್ಲರಿಗೂ ಬೇರೆ ಬೇರೆ ದಾರಿ, ಹೋಗುವ ಮಾತಿಗೊಂದು, ಬರುವ ಮಾತಿಗೊಂದು. ಯಾರ ಮಾತು ಯಾರಿಗೆ ತಲುಪಬೇಕೆಂದು ಕಂಪ್ಯೂಟರಿನಲ್ಲಿ ಗುರುತು ಮಾಡಿಬಿಟ್ಟರೆ ಆಯಿತು. ಮುಖ್ಯ ಎಂಜಿನಿಯರ್ ಟೀಚರಮ್ಮನನ್ನು ಕರೆಸಿದರು. ಅವರು ಮುಚ್ಚುಮರೆಯಿಲ್ಲದ ಮನುಷ್ಯ.

"ನೋಡಮ್ಮ, ಹಳೇ ಲೈನನ್ನ ಇದಕ್ಕೆ ಸೇರಿಸಬಹುದು ಅಂತಾರೆ. ನಡುವೆ ಹಾಕೋ ಪೆಟ್ಟಿಗೆ ತರಿಸಿದೀನಿ. ಶನಿವಾರ ಮಕ್ಕಳ ರಸಪ್ರಶ್ನೆ ನೇರಪ್ರಸಾರ. ಅಷ್ಟರೊಳಗೆ ಸರಿಯಾಗಿ ಸೇರಿಕೊಂಡ್ರೆ ನಿನ್ನ ಲೈನು ಉಳಿಯುತ್ತೆ."

"ಸೇರಿಕೊಳ್ಳದಿದ್ರೆ?"

"ವೈರ್‌ಲೆಸ್ ಡಬ್ಬಿ ಹೊರಗಿನಿಂದ ತರಿಸ್ತೀವಿ. ಅದನ್ನ ನೋಡ್ಕೊಳ್ಳೋಕೆ ಅವರ ಜನಾನೇ ಬರ್ತಾರೆ. ನಿನಗೆ ಪಕ್ಕದ ಕಟ್ಟಡದ ಸ್ಟೋರು. ಸಂಬಳಕ್ಕೇನೂ ತೊಂದರೆ ಇಲ್ಲ."

ಸ್ಟೋರೆಂದರೆ ಹಳೇ ಕುರ್ಚಿಗಳನ್ನು ಎಣಿಸುವ ಕೆಲಸ. ಅವಳು ಮನೆಗೆ ಬಂದು ಗಂಡನಿಗೆ ಹೇಳಿದ್ದು ಒಂದೇ ಮಾತು. "ಎರಡು, ನನ್ನನ್ನ ಕುರ್ಚಿಗಳ ಜೊತೆ ಕೂರಿಸ್ತಾರಂತೆ. ಅವು ಮಾತಾಡಲ್ಲ ಕಣೋ."

ಅವಳು ಕೆಲಸವಿಲ್ಲದೆ ಕೂತರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಕೈಗೆ ಪೆಟ್ಟಾಗಿ ಅವಳು ತಿಂಗಳೊಪ್ಪತ್ತು ಮನೆಯಲ್ಲಿ ಕೂತಿದ್ದಾಗ, ಮನೆಯ ಪ್ರತಿ ವೈರನ್ನೂ ಬಿಚ್ಚಿ ಸುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಯಾವುದು, ಫ್ಯಾನು ಯಾವುದು ಎಂದು ಹುಡುಕುವುದೇ ಎಲ್ಲರಿಗೂ ಕೆಲಸವಾಗಿತ್ತು.

ನಡುವೆ ಹಾಕುವ ಪೆಟ್ಟಿಗೆಯ ಕೆಲಸ ಕೇಳಲು ಸುಲಭ. ಹಳೇ ಲೈನಿನಲ್ಲಿ ಹೋಗುವ ಮಾತೂ ಬರುವ ಮಾತೂ ಒಂದೇ ತಂತಿಯಲ್ಲಿ ಕಲಸಿಹೋಗಿರುತ್ತವೆ. ಪೆಟ್ಟಿಗೆ ಅವನ್ನು ಬಿಡಿಸಿ ಮೇಲಕ್ಕೆ ಕಳಿಸಬೇಕು, ಮೇಲಿನಿಂದ ಬಂದದ್ದನ್ನು ಕೆಳಗಿಳಿಸಬೇಕು. ಆದರೆ ಮೇಲಿನಿಂದ ಇಳಿದ ದನಿ ಅಲ್ಲಿಂದಲೇ ತಿರುಗಿ ಮೇಲೆ ಹತ್ತಬಾರದು. ಹತ್ತಿದರೆ ನಿರ್ದೇಶಕರಿಗೆ ಅವರ ಮಾತೇ ಬಾವಿಯಿಂದ ಬಂದಂತೆ ವಾಪಸು ಕೇಳುತ್ತದೆ. ಅದನ್ನು ತಡೆಯಲು ಒಂದು ಗುಂಡಿ ಇದೆ. ಒತ್ತಿದರೆ ಪೆಟ್ಟಿಗೆ ತಾನೇ ಲೈನಿಗೆ 'ಶ್' ಎಂದು ಸದ್ದು ಬಿಟ್ಟು, ಎಷ್ಟು ತಿರುಗಿ ಬರುತ್ತದೆಂದು ಅಳೆದು, ಅಷ್ಟನ್ನು ಕಳೆದುಬಿಡುತ್ತದೆ. ಕಳೆದದ್ದಾಯಿತು ಎಂದರೆ ಹಸಿರು ದೀಪ.

ಬುಧವಾರ ಊಟದ ಹೊತ್ತಿನಲ್ಲಿ, ಸ್ಟುಡಿಯೋ ಖಾಲಿಯಾಗಿದ್ದಾಗ, ಅವಳು ಆ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಮೂರನೇ ಮಹಡಿಗೆ ಓಡಿಹೋಗಿ ನಿರ್ದೇಶಕರ ಕುರ್ಚಿಯಲ್ಲೇ ಕೂತು "ಹಲೋ" ಎಂದಳು. ಏನೂ ತಿರುಗಿ ಬರಲಿಲ್ಲ. ಖುಷಿಯಿಂದ ಊಟವನ್ನೇ ಮರೆತಳು.

ಮಧ್ಯಾಹ್ನ ಅಭ್ಯಾಸ ಶುರುವಾಯಿತು. ಟೀಚರಮ್ಮ ಮರದ ಪೆಟ್ಟಿಗೆ ತೆರೆದು ಎಲ್ಲರಿಗೂ ಡಬ್ಬಿ ಹಂಚಿದಳು. ನಿರ್ದೇಶಕರು ಮೇಲಿನಿಂದ ಮಾತಾಡಿದರು.

"ಎಲ್ಲರೂ ರೆಡಿನಾ?" ಅವರ ಹಿಂದೆಯೇ ಅವರದೇ ದನಿ, "ರೆಡಿನಾ?"

"ಯಾರದು ನನ್ನನ್ನ ಅಣಕಿಸ್ತಿರೋದು?" "...ಸ್ತಿರೋದು?"

ಅಷ್ಟರಲ್ಲಿ ಅಟ್ಟದಿಂದ ದೀಪದಣ್ಣನ ದನಿ ತೇಲಿ ಬಂತು. "ಸಾಹೇಬ್ರಿಗೆ ಇವತ್ತು ಅವರ ಮಾತು ಅವರಿಗೇ ಕೇಳಿಸ್ತಿದೆ. ನಮ್ಮ ಕಷ್ಟ ಈಗ ಗೊತ್ತಾಗುತ್ತೆ ಬಿಡು."

ನಿರ್ದೇಶಕರು ಈ ಲೈನಿನಲ್ಲಿ ಇಲ್ಲದ ಹಳೇ ದಿನಗಳಲ್ಲಾಗಿದ್ದರೆ ಕೆಳಗಿನವರು ನಕ್ಕು ಸುಮ್ಮನಾಗುತ್ತಿದ್ದರು. ಈಗ ಅದು ನೆಟ್ಟಗೆ ಮೂರನೇ ಮಹಡಿಗೆ ಹೋಗಿತ್ತು.

"ಯಾರಪ್ಪಾ ಅದು?" "...ಅದು?"

"ಎರಡೆರಡು ಸಲ ಕೇಳಿದ್ರೂ ಗೊತ್ತಿಲ್ಲ ಸಾರ್," ಎಂದಳು ಗಿಣಿ.

ನಗು ಉಕ್ಕಿತು. ಟೀಚರಮ್ಮ ಮಾತ್ರ ನಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಅಭ್ಯಾಸ ಮುಗಿದ ಮೇಲೆ ಡಬ್ಬಿಗಳನ್ನೆಲ್ಲ ಬಿಚ್ಚಿಸಿ, ಒರೆಸಿ, ಮಲಗಿಸಿ, ಮತ್ತೆ ಗುಂಡಿ ಒತ್ತಿದಳು. ಹಸಿರು ದೀಪ. ಮೇಲೆ ಹೋಗಿ ಕೇಳಿದರೆ ಲೈನು ಸ್ಫಟಿಕದ ಹಾಗೆ. ಗುರುವಾರ ಜನ ಬಂದು ನಿಂತ ಕೂಡಲೇ ಮತ್ತೆ ಬಾವಿ. ಮುಖ್ಯ ಎಂಜಿನಿಯರ್ ಬಂದು ಎಲ್ಲ ಜೋಡಣೆಯನ್ನೂ ನೋಡಿದರು. ತಪ್ಪೇನೂ ಕಾಣಲಿಲ್ಲ. "ನಾಳೆ ಸಂಜೆಯೊಳಗೆ ಆಗದಿದ್ರೆ ವೈರ್‌ಲೆಸ್‌ನೋರಿಗೆ ಫೋನ್ ಮಾಡಲೇಬೇಕಾಗುತ್ತೆ ಕಣಮ್ಮ," ಎಂದರು.

ಆ ಸಂಜೆ ಗಂಡ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವಳು ಬಾಗಿಲಲ್ಲಿ ಕೂತು ಮಗಳ ಸ್ಕಿಪ್ಪಿಂಗ್ ಹಗ್ಗವನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದಳು. ಮಗಳು ಮುಖ ಊದಿಸಿಕೊಂಡು ಅಜ್ಜಿಗೆ ದೂರು ಹೇಳುತ್ತಿದ್ದಳು.

"ಬಿಡೇ, ನಿಮ್ಮಮ್ಮಂಗೆ ಹಗ್ಗ ಬೇಕು ಇವತ್ತು," ಎಂದರು ಅತ್ತೆ. "ಕೊಡದಿದ್ರೆ ನಿನ್ನ ಜಡೇನೇ ಸುತ್ತಿ ಇಡ್ತಾಳೆ."

"ನಾನೊಬ್ಬಳೇ ಇದ್ದಾಗ ಎಷ್ಟು ಚೆನ್ನಾಗಿರುತ್ತೆ ಗೊತ್ತಾ ಲೈನು," ಎಂದಳು ಅವಳು ಯಾರಿಗೆಂದಿಲ್ಲದೆ. "ನೀವೆಲ್ಲ ಬಂದು ನಿಂತ ತಕ್ಷಣ ಹಾಳು. ನಿಮ್ಮದೇ ಏನೋ ದೋಷ."

"ನಮ್ಮದಾ?" ಅವನು ತಟ್ಟೆ ಉಜ್ಜುತ್ತಲೇ ಕೇಳಿದ. ಅವನಿಗೆ ಕ್ಯಾಮೆರಾ ಗೊತ್ತಿತ್ತೇ ಹೊರತು ತಂತಿಯ ವಿಷಯ ಅಷ್ಟಕ್ಕಷ್ಟೇ. ಸುಮ್ಮನೆ ಮಾತು ಮುಂದುವರಿಸಲೆಂದು ಕೇಳಿದ್ದು. "ಅಲ್ಲ, ನೀನು ಆ ಗುಂಡಿ ಒತ್ತೋವಾಗ ನಮ್ಮ ಡಬ್ಬಿಗಳೆಲ್ಲ ಎಲ್ಲಿರ್ತವೆ?"

"ಎಲ್ಲಿರ್ತವೆ? ಒರೆಸಿ ನನ್ನ ಮರದ ಪೆಟ್ಟಿಗೇಲಿ ಇಟ್ಟಿರ್ತೀನಿ. ನಿಮ್ಮ ಹಾಗೆ ನೆಲದ ಮೇಲೆ..."

ಮಾತು ಅಲ್ಲೇ ನಿಂತಿತು. ಹಗ್ಗವೂ ನಿಂತಿತು. ಅವಳು ಗಂಡನ ಮುಖವನ್ನು ಮೊದಲ ಸಲ ಕಂಡವಳಂತೆ ನೋಡಿದಳು.

"ಅಯ್ಯೋ ದೇವರೇ," ಎಂದಳು. "ಖಾಲಿ ಲೈನನ್ನ ಅಳೆದಿದೀನಿ ಕಣೋ. ಡಬ್ಬಿಯಿಲ್ಲ, ಉದ್ದದ ವೈರಿಲ್ಲ, ಬರೀ ಖಾಲಿ ತಂತಿ. ಒಂದೊಂದು ಡಬ್ಬಿ ಸೇರಿದ ಹಾಗೂ ಲೈನಿನ ಭಾರ ಬೇರೆ ಆಗುತ್ತೆ. ನಡುವಿನ ಪೆಟ್ಟಿಗೆ ಕಳೆಯೋದು ಹಳೇ ಲೆಕ್ಕದಲ್ಲಿ. ಉಳಿದಿದ್ದು ವಾಪಸ್ ಮೇಲೆ ಹತ್ತುತ್ತೆ!"

"ಅಂದ್ರೆ?"

"ಅಂದ್ರೆ ಹೊಲಿಗೆಯವನು ಹ್ಯಾಂಗರಿನ ಅಳತೆ ತಗೊಂಡು ನಿನಗೆ ಶರ್ಟ್ ಹೊಲಿದ ಹಾಗೆ."

ನಡುವಿನ ಪೆಟ್ಟಿಗೆಯ ಜೊತೆ ಬಂದ ಸೂಚನೆಯಲ್ಲಿ ಇದನ್ನೇ ಬರೆದಿತ್ತು, ಅವಳು ಓದಿಯೂ ಇದ್ದಳು. ಆದರೆ ಕೆಲಸವಿಲ್ಲದ ಹೊತ್ತಿನಲ್ಲಿ ಡಬ್ಬಿಗಳು ಬಟ್ಟೆಯ ಮೇಲೆ ಮಲಗಿರಬೇಕು ಎಂಬುದು ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಅವನ್ನು ಬಿಚ್ಚಿಟ್ಟು ಅಳೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದಳು. ಎಲ್ಲ ಡಬ್ಬಿಗಳೂ ಲೈನಿಗೆ ಸೇರಿದವು.

"ಈಗ ಎಲ್ಲರೂ ಮೈಕ್ ಮುಚ್ಚಿ. ನಾನು ಹೇಳೋವರೆಗೂ ತೆರೀಬೇಡಿ. ಒಂದು ನಿಮಿಷ ಸಾಕು. ಪೆಟ್ಟಿಗೆ ಅಳೆಯೋವಾಗ ನಿಮ್ಮ ಉಸಿರೂ ಲೈನಿಗೆ ಬರಬಾರದು."

"ಒಂದು ನಿಮಿಷಾನಾ?" ಎಂದಳು ಗಿಣಿ. "ಟೀಚರಮ್ಮ, ನಾನು ನಿದ್ದೇಲೂ ಅಷ್ಟು ಹೊತ್ತು ಸುಮ್ಮನಿರಲ್ಲ."

"ಮೈಕ್ ಮುಚ್ಚಿ ಮಾತಾಡಿಕೋ ತಾಯಿ, ಯಾರು ಬೇಡ ಅಂದ್ರು."

ಗುಂಡಿ ಒತ್ತಿದಳು. 'ಶ್' ಎಂದಿತು. ದೀಪ ಮಿಣುಕಿತು, ಕೆಂಪಾಯಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು. ಮುಖ್ಯ ಎಂಜಿನಿಯರ್ ಗಡಿಯಾರ ನೋಡಿಕೊಂಡರು. ಎರಡು ತನ್ನ ಕ್ಯಾಮೆರಾದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ಟೀಚರಮ್ಮ ಹೆಡ್‌ಫೋನನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದಳು. ಬಹಳ ಸಣ್ಣಗೆ, ಯಾರೋ ಮೂಗಿನಲ್ಲೇ ಹಾಡಿಕೊಳ್ಳುತ್ತಿದ್ದರು. ಅವಳು ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

"ದೀಪದಣ್ಣ!"

ಹಾಡು ನಿಂತಿತು. "ಏನಮ್ಮಾ?"

"ಮೈಕ್ ಮುಚ್ಚಿ ಅಂದಿರಲಿಲ್ವಾ?"

"ಮುಚ್ಚೋಕೆ ಬರಲ್ಲಮ್ಮ. ಗುಂಡಿ ಮೇಲೆ ಟೇಪ್ ಅಂಟಿಸಿದೀನಿ, ಕಂಬಿಗೆ ತಗುಲಿ ಮುಚ್ಚಿಕೊಳ್ಳದೆ ಯಾವಾಗಲೂ ತೆರೆದಿರಲಿ ಅಂತ. ಮತ್ತೆ ತೆರೆಯೋಕೆ ಎರಡು ಕೈಲೂ ಬಿಸಿ ದೀಪ ಹಿಡ್ಕೊಂಡು ಮೂಗಿಂದ ಒತ್ಲಾ?"

"ಎಷ್ಟು ದಿನದಿಂದ?"

"ನಿನ್ನ ಮದುವೆಗಿಂತ ಮುಂಚಿಂದ."

ಪ್ರತಿ ಸಂಜೆ ಡಬ್ಬಿ ಒಪ್ಪಿಸುವಾಗ ಟೇಪು ಕಿತ್ತು, ಬೆಳಿಗ್ಗೆ ಹೊಸದು ಅಂಟಿಸುತ್ತಿದ್ದನಂತೆ, ಟೀಚರಮ್ಮನ ಪಾಠಕ್ಕೆ ಹೆದರಿ. ಟೇಪಾದರೂ ಯಾರದು? ಅವಳ ತೋಳಿನ ಸುರುಳಿಯದ್ದೇ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಗೆದ್ದದ್ದು ನಗು. ದೀಪದಣ್ಣ ಟೇಪು ಕಿತ್ತು ಗುಂಡಿ ಒತ್ತಿದ. ಹೆಡ್‌ಫೋನಿನಲ್ಲಿ ಅವರು ಯಾರೂ ಹಿಂದೆಂದೂ ಕೇಳಿರದ ಮೌನ ಇಳಿಯಿತು.

'ಶ್' ಎಂದಿತು ಪೆಟ್ಟಿಗೆ. ದೀಪ ಮಿಣುಕಿ, ಹಸಿರಾಯಿತು.

ಮೂರನೇ ಮಹಡಿಯಿಂದ ನಿರ್ದೇಶಕರು ಕೇಳಿದರು. "ಎಲ್ಲರೂ ರೆಡಿನಾ?"

ಒಂದೇ ಸಲ. ಹಿಂದೆ ಏನೂ ಬರಲಿಲ್ಲ. ಕೆಳಗೆ ಎಲ್ಲರ ಮೈಕೂ ಮುಚ್ಚಿತ್ತು, ಟೀಚರಮ್ಮ ತೆರೆಯಿರಿ ಎನ್ನುವುದನ್ನೇ ಮರೆತಿದ್ದಳು.

"ಯಾರೂ ಇಲ್ವೇನ್ರಪ್ಪಾ?" ಎಂದರು ನಿರ್ದೇಶಕರು ಗಾಬರಿಯಿಂದ. "ಟೀಚರಮ್ಮ, ಸರಿ ಮಾಡೋಕೆ ಹೋಗಿ ಎಲ್ಲರನ್ನೂ ಮುಗಿಸಿಬಿಟ್ರಾ?"

ಆ ಸಂಜೆ ಅವಳು ಡಬ್ಬಿಗಳನ್ನು ಲೈನಿನಿಂದ ಬಿಚ್ಚಿಸಲಿಲ್ಲ. ಬಿಚ್ಚಿದರೆ ಅಳತೆ ಕೆಡುತ್ತಿತ್ತು. ಪ್ರತಿಯೊಂದರ ಕೆಳಗೂ ಮರದ ಪೆಟ್ಟಿಗೆಯ ಮೆತ್ತನೆ ಬಟ್ಟೆಯ ಒಂದು ತುಂಡು ಹಾಸಿ, ಇದ್ದಲ್ಲೇ ಬಿಟ್ಟು ಬಂದಳು. ಊಟಕ್ಕೆ ಕೂತಾಗ, "ಯಾರಾದ್ರೂ ತುಳಿದ್ರೆ?" ಎಂದಳು.

"ದೊಡ್ಡ ಕಾಲಿನವನು ಇಲ್ಲೇ ಇದೀನಲ್ಲ," ಎಂದ ಎರಡು.

ಶನಿವಾರದ ರಸಪ್ರಶ್ನೆ ಸುಸೂತ್ರವಾಗಿ ಮುಗಿಯಿತು. ಉತ್ತರ ಗೊತ್ತಿಲ್ಲದ ಒಬ್ಬ ಹುಡುಗ ಅತ್ತದ್ದು ಬಿಟ್ಟರೆ ಬೇಡದ ಯಾವ ಸದ್ದೂ ಬರಲಿಲ್ಲ. ಮುಖ್ಯ ಎಂಜಿನಿಯರ್ ಫೋನು ಮಾಡಲಿಲ್ಲ. ದೀಪದಣ್ಣನಿಗೆ ಅವಳು ಕಾಲಿನಿಂದ ಒತ್ತುವ ಒಂದು ಗುಂಡಿ ಮಾಡಿಕೊಟ್ಟಳು. ಅವನೀಗ ಸಾಹೇಬರ ಬಗ್ಗೆ ಏನಾದರೂ ಹೇಳುವ ಮುಂಚೆ ತನ್ನ ಕಾಲಿನ ಕಡೆ ನೋಡಿಕೊಳ್ಳುತ್ತಾನೆ.

ಟೀಚರಮ್ಮ ಈಗ ಮೂರನೇ ಮಹಡಿಯ ಉಪಕರಣಗಳ ಕೋಣೆಯಲ್ಲಿ ಕೂರುತ್ತಾಳೆ. ಸ್ಟುಡಿಯೋದ ಹಳೇ ಲೈನನ್ನೂ ಹೊಸ ಮ್ಯಾಟ್ರಿಕ್ಸನ್ನೂ ಒಬ್ಬಳೇ ನೋಡಿಕೊಳ್ಳುತ್ತಾಳೆ. ಪ್ರತಿ ನೇರಪ್ರಸಾರಕ್ಕೆ ಮುಂಚೆ ಕೆಳಗಿಳಿದು ಬಂದು, ಎಲ್ಲರ ಸೊಂಟಕ್ಕೂ ಡಬ್ಬಿ ಸಿಕ್ಕಿಸಿ, ಒಂದು ನಿಮಿಷ ಎಲ್ಲರ ಮೈಕೂ ಮುಚ್ಚಿಸುತ್ತಾಳೆ.