ಅಕ್ಕ ಸ್ಪ್ಯಾನಿಷ್ ಕಲಿಯಲು ಹೋದ ಬೇಸಿಗೆ

ತಿಂಗಳುಗಟ್ಟಲೆ ಸುಮ್ಮನಿದ್ದ ಕಿಟಕಿ ಎ.ಸಿ.ಯನ್ನು ಮತ್ತೆ ಹಾಕಿದಾಗ ಮೊದಲ ಒಂದೆರಡು ನಿಮಿಷ ಒಂದು ವಾಸನೆ ಬರುತ್ತದೆ. ಬಿಸಿಯಾದ ಧೂಳು, ತುಸು ತೇವ, ತುಸು ತುಕ್ಕು. ಮೊನ್ನೆ ಉಡುಪಿಯ ಒಂದು ಹಳೆಯ ಲಾಡ್ಜಿನಲ್ಲಿ ರೂಮ್‌ಬಾಯ್ ಸ್ವಿಚ್ ಒತ್ತಿ ಹೋದ ಮೇಲೆ ಆ ವಾಸನೆ ಕೋಣೆಯನ್ನೆಲ್ಲ ತುಂಬಿತು. ನಾನು ಕೈಯ ಚೀಲ ಕೆಳಗಿಡುವುದನ್ನೂ ಮರೆತು ನಿಂತೆ. ಗಲ್ಫಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕುವೈತಿನ ಸಲ್ವಾದಲ್ಲಿ, ಮಸೀದಿಯ ಗೋಡೆಗೆ ಮುಖ ಮಾಡಿದ್ದ ಕಟ್ಟಡದ ಎರಡನೇ ಮಹಡಿಯ ನಮ್ಮ ಮನೆಯಲ್ಲಿ ಇದೇ ವಾಸನೆಯಿತ್ತು. ಎರಡು ಕೋಣೆ, ಒಂದು ಹಾಲ್, ಒಬ್ಬರು ನಿಂತರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದ ಅಡುಗೆಮನೆ. ಅಪ್ಪ ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುತ್ತಿದ್ದರು. ಸಂಜೆ ಅವರು ಬಾಗಿಲು ತೆಗೆದ ಕೂಡಲೇ ರಬ್ಬರು, ಗ್ರೀಸಿನ ವಾಸನೆ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು. ಆ ಮನೆಯಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ನಮ್ಮ ಪಾಲಿಗಂತೂ ಅದು ಮುಗಿದುಹೋಗಿದೆ.

ಅಮ್ಮ ಮದುವೆಗೆ ಮುಂಚೆ ಕುಂದಾಪುರದ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವಳು. ಕುವೈತಿಗೆ ಬರುವಾಗ ಸೀರೆಗಳ ಮಡಿಕೆಯ ನಡುವೆ ಒಂದನೇ ತರಗತಿಯ ಪಾಠಪುಸ್ತಕ, ಒಂದು ಸ್ಲೇಟು ಇಟ್ಟುಕೊಂಡು ಬಂದಿದ್ದಳಂತೆ. ಇನ್ನೂ ಹುಟ್ಟದ ನಮಗಾಗಿ. ನಾವಿಬ್ಬರೂ ಹುಟ್ಟಿದೆವು, ಇಂಗ್ಲಿಷ್ ಶಾಲೆಗೆ ಹೋದೆವು, ಸ್ಲೇಟು ಅಕ್ಕಿಯ ಡಬ್ಬದ ಮೇಲಿನ ಮುಚ್ಚಳವಾಯಿತು. ಅಮ್ಮ ಕನ್ನಡದಲ್ಲಿ ಕೇಳುವುದು, ನಾವು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಮನೆಯ ಪದ್ಧತಿಯೇ ಆಗಿತ್ತು. ಅಮ್ಮ ಆಗೀಗ ಹಟ ಹಿಡಿದು ಅಕ್ಕನನ್ನು ಪುಸ್ತಕದ ಮುಂದೆ ಕೂರಿಸುತ್ತಿದ್ದಳು. ಅಕ್ಕ ಐದು ನಿಮಿಷ ಕೂತು, ಇದರಿಂದ ಏನು ಉಪಯೋಗ ಎಂದು ಇಂಗ್ಲಿಷಿನಲ್ಲೇ ಕೇಳಿ ಎದ್ದುಹೋಗುತ್ತಿದ್ದಳು. ಒರಟಾಗಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ. ಅಮ್ಮ ಪುಸ್ತಕವನ್ನು ಮತ್ತೆ ಸೀರೆಗಳ ನಡುವೆ ಇಡುತ್ತಿದ್ದಳು.

ಅಕ್ಕನ ಹೆಸರು ಸುಜಾತಾ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳ ಅಂಗಿಗಳು ಎರಡು ವರ್ಷ ತಡವಾಗಿ, ತೋಳಿನಲ್ಲಿ ಸಡಿಲಾಗಿ ನನಗೆ ಬರುತ್ತಿದ್ದವು. ಮನೆಗೆ ಯಾರಾದರೂ ಬಂದರೆ ಅಪ್ಪ, "ಇವಳು ಸುಜಾತಾ, ಕ್ಲಾಸಿಗೆ ಫಸ್ಟ್, ಇವಳು ಸಣ್ಣವಳು" ಎಂದು ಪರಿಚಯಿಸುತ್ತಿದ್ದರು. ಅಪ್ಪನಿಗೆ ಭೇದವಿರಲಿಲ್ಲ. ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ, ಅಷ್ಟೆ. ಆದರೆ ಹನ್ನೊಂದು ವರ್ಷದ ಹುಡುಗಿಗೆ ಅದು ಹಾಗೆ ಕಾಣುವುದಿಲ್ಲ. ಅಕ್ಕನ ಪೆನ್ಸಿಲ್ ಡಬ್ಬದಿಂದ ಒಂದೊಂದೇ ವಸ್ತು ತೆಗೆದು ಎಲ್ಲಾದರೂ ಬಿಸಾಕಿ, ಅವಳು ಹುಡುಕುವುದನ್ನು ನೋಡುತ್ತಾ ಕೂರುತ್ತಿದ್ದೆ. ಅವಳು ನನ್ನನ್ನು ಒಂದು ಸಲವೂ ಅನುಮಾನಿಸಲಿಲ್ಲ. ಅದೂ ನನಗೆ ಸಿಟ್ಟು ಬರಿಸುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸಾಲ್ಮಿಯಾದ ಒಂದು ಸಣ್ಣ ಭಾಷಾ ತರಗತಿಗೆ ಅಕ್ಕ ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಯಲು ಹೋಗುತ್ತಿದ್ದಳು. ಬೇಸಿಗೆ ರಜೆಗೆ ಮುಂಚೆ ಅಲ್ಲಿಯ ಟೀಚರ್ ಇಬ್ಬರು ಮಕ್ಕಳನ್ನು ಆರಿಸಿದರು: ಐದು ವಾರ ಸ್ಪೇನ್ ದೇಶದಲ್ಲಿ, ಅಲ್ಲಿಯ ಒಂದು ಮನೆಯವರ ಜೊತೆ ಉಂಡು, ಮಲಗಿ, ಅವರ ಭಾಷೆಯನ್ನೇ ಆಡುತ್ತಾ ಕಲಿಯುವುದು. ಖರ್ಚೆಲ್ಲ ತರಗತಿಯವರದ್ದೇ. ಆ ಇಬ್ಬರಲ್ಲಿ ಅಕ್ಕ ಒಬ್ಬಳು. ಆ ವರ್ಷ ಅಪ್ಪನಿಗೆ ರಜೆ ಸಿಗದೆ ನಾವು ಊರಿಗೂ ಹೋಗುವಂತಿರಲಿಲ್ಲ. ಐವತ್ತು ಡಿಗ್ರಿ ಬಿಸಿಲಿನಲ್ಲಿ ಕದ ಮುಚ್ಚಿಕೊಂಡು ಕೂರಬೇಕಾದ ನನ್ನ ಕಣ್ಣ ಮುಂದೆಯೇ ಅಕ್ಕನ ಹೊಸ ಸೂಟ್‌ಕೇಸ್ ಹಾಲಿನ ನಡುವೆ ಬಾಯಿ ತೆರೆದುಕೊಂಡು ನಾಲ್ಕು ದಿನ ಬಿದ್ದಿತ್ತು. ಅಮ್ಮ ಅದರಲ್ಲಿ ಚಟ್ನಿಪುಡಿ ಇಟ್ಟಳು, ಮಿಡಿ ಉಪ್ಪಿನಕಾಯಿಯ ಬಾಟಲಿ ಇಟ್ಟಳು. ಹೊರಡುವ ದಿನ ಅಕ್ಕ ಬಾಟಲಿಯನ್ನು ಮೆಲ್ಲನೆ ತೆಗೆದು ಫ್ರಿಜ್ಜಿನ ಹಿಂದಿಟ್ಟು ಹೋಗಿದ್ದಳು. ಏರ್‌ಪೋರ್ಟಿನಿಂದ ಬಂದ ಅಮ್ಮನಿಗೆ ಅದನ್ನು ತೋರಿಸಿಕೊಟ್ಟವಳು ನಾನು.

ಅಕ್ಕ ಇದ್ದದ್ದು ಸಾಲಮಾಂಕಾ ಎಂಬ ಊರಿನಲ್ಲಿ, ಎನ್ಕಾರ್ನಾ ಎಂಬ ಅರವತ್ತು ದಾಟಿದ ವಿಧವೆಯ ಮನೆಯಲ್ಲಿ. ಶುಕ್ರವಾರ ಮಧ್ಯಾಹ್ನ ಕಾರ್ಡ್ ಹಾಕುವ ಫೋನಿನಿಂದ ಕರೆ ಮಾಡುತ್ತಿದ್ದಳು. ಊಟ ಮುಗಿಸಿ ಅಪ್ಪ ಮಲಗಿರುತ್ತಿದ್ದರು, ಅಮ್ಮ ರಿಸೀವರ್ ಹಿಡಿದರೆ ನಾನು ಅದರ ಇನ್ನೊಂದು ಬದಿಗೆ ಕಿವಿ ಅಂಟಿಸುತ್ತಿದ್ದೆ. ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದಂತೆ. ಎನ್ಕಾರ್ನಾ ಬಾಲ್ಕನಿಯ ಹೂಗಿಡಗಳಿಗೆ ನೀರು ಹಾಕುತ್ತಾ ಒಂದೊಂದರ ಹೆಸರು ಹೇಳಿಸುತ್ತಾಳಂತೆ. ಸುಜಾತಾ ಎನ್ನಲು ಬಾರದೆ ಸುಸಿ ಎಂದು ಕರೆಯುತ್ತಾಳಂತೆ. ಎರಡನೇ ಶುಕ್ರವಾರ ಅಕ್ಕ, ಎನ್ಕಾರ್ನಾ ದಿನಾ ಬೆಳಿಗ್ಗೆ ತನ್ನ ತಲೆ ಬಾಚುತ್ತಾಳೆ, ಆಗ ಮಾತಾಡುತ್ತಾ ಮಾತಾಡುತ್ತಾ ಎಷ್ಟೋ ಶಬ್ದ ಬಂದುಬಿಡುತ್ತವೆ ಎಂದಳು. ಅಮ್ಮನ ಬೆರಳು ಫೋನಿನ ವಯರನ್ನು ಸುತ್ತುವುದು ನಿಂತಿತು. ಹನ್ನೆರಡು ತುಂಬಿದ ಮೇಲೆ ಅಕ್ಕ ತನ್ನ ಕೂದಲು ಮುಟ್ಟಲು ಅಮ್ಮನಿಗೆ ಬಿಟ್ಟಿರಲಿಲ್ಲ.

ಫೋನ್ ಇಟ್ಟು ಅಮ್ಮ ಅಡುಗೆಮನೆಗೆ ಹೋದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಹೇಳಿದಳೋ ನಲ್ಲಿಗೆ ಹೇಳಿದಳೋ, "ಹದ್ನೈದ್ ವರ್ಷ ನಾನ್ ಹೇಳಿಕೊಟ್ಟದ್ದ್ ಅವ್ಳ ನಾಲ್ಗಿಗ್ ಹತ್ಲಿಲ್ಲ. ಆ ಹೆಂಗ್ಸ್ ಎರ್ಡ್ ವಾರದಲ್ ಮಾಡಿದ್ಲ್" ಅಂದಳು. ಅವಳ ದನಿಯಲ್ಲಿ ಇದ್ದದ್ದು ಏನೆಂದು ನನಗೆ ತಕ್ಷಣ ಗೊತ್ತಾಯಿತು. ಅದು ನನ್ನದೇ ಕಾಯಿಲೆ. ಈ ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂದು ಒಂಥರಾ ಸಮಾಧಾನವಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅಕ್ಕ ಬಿಟ್ಟುಹೋದ ಒಂದು ಜಾಗ ಇಲ್ಲಿ ಖಾಲಿ ಇದೆ. "ನಂಗೆ ಹೇಳಿಕೊಡು ಅಮ್ಮ" ಎಂದೆ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದ ಮೊದಲ ಪೂರ್ತಿ ಮಾತು ಅದು. ಅಮ್ಮ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು.

ಅಲ್ಲಿಂದ ಶುರುವಾದ ದಿನಗಳಂಥವು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ಸ್ಲೇಟು ಅಕ್ಕಿಯ ಡಬ್ಬದಿಂದ ಇಳಿಯಿತು. ಧೂಳುಗಾಳಿ ಎದ್ದು ಊರೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ ಮಧ್ಯಾಹ್ನಗಳಲ್ಲಿ ಅಮ್ಮ ಬಾಲ್ಕನಿಯ ಗಾಜಿನ ಮೇಲೆ ಕೂತ ಹಿಟ್ಟಿನಂಥ ಮಣ್ಣಿನಲ್ಲಿ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದಳು. ಕೆಳಗಿನ ಬಕಾಲಾಕ್ಕೆ ಮೊಸರು ತರಲು ಹೋದಾಗ ಅಂಗಡಿಯ ಸಾಮಾನುಗಳಿಗೆಲ್ಲ ಕನ್ನಡದ ಹೆಸರು ಹೇಳಬೇಕು. ಒಂದು ತಪ್ಪಿದರೆ ಮತ್ತೆ ಮೊದಲಿಂದ. ಅಮ್ಮನೊಳಗೆ ಅಡಗಿದ್ದ ಟೀಚರ್ ಹೊರಗೆ ಬಂದಿದ್ದಳು. ಕುತ್ತಿಗೆ ನೆಟ್ಟಗಾಯಿತು, ದನಿ ಎತ್ತರವಾಯಿತು. ಅವಳು ಶಾಲೆಗೆ ದೋಣಿಯಲ್ಲಿ ಹೊಳೆ ದಾಟಿ ಹೋಗುತ್ತಿದ್ದಳೆಂದು, ಮಕ್ಕಳು ಮೀನಿನ ಬುತ್ತಿ ತಂದು ಅವಳ ಮೇಜಿನಡಿ ಇಡುತ್ತಿದ್ದರೆಂದು ನನಗೆ ತಿಳಿದದ್ದು ಆಗಲೇ. ಆ ಕತೆಗಳು ಇಂಗ್ಲಿಷಿಗೆ ಬರುವಂಥವಲ್ಲ. ಅಪ್ಪ ಕೆಲಸದಿಂದ ಬಂದು ನಮ್ಮಿಬ್ಬರನ್ನೂ ನೋಡಿ, "ಯಲ್ಲಾ, ಇಲ್ಲೂ ಒಂದು ಇನ್‌ಸ್ಟಿಟ್ಯೂಟ್" ಎಂದು ಅರಬ್ಬಿ ಬೆರೆಸಿ ನಗುತ್ತಿದ್ದರು. ಸಂಜೆ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ನಾನು ಬೇಕೆಂದೇ ತಲೆಯನ್ನು ಅವಳ ಮೊಣಕಾಲಿಗೆ ಒತ್ತಿ, ಅಕ್ಕನಿಗೆ ಇದು ಸಿಕ್ಕುವುದಿಲ್ಲ ಎಂದುಕೊಳ್ಳುತ್ತಿದ್ದೆ. ಸುಖವೂ ಹೊಟ್ಟೆಕಿಚ್ಚೂ ಒಂದೇ ಎಣ್ಣೆಯಲ್ಲಿ ಉರಿಯುತ್ತಿದ್ದವು.

ನಾಲ್ಕನೇ ಶುಕ್ರವಾರ ಫೋನ್ ಹೊಡೆದುಕೊಂಡಾಗ ಅಮ್ಮ ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಎಂದಿನ ಹೊತ್ತಿಗಿಂತ ಮೊದಲೇ ಬಂದ ಕರೆ. ಎತ್ತಿದ್ದು ನಾನು. ಅಕ್ಕನ ದನಿ ಗುರುತೇ ಸಿಗಲಿಲ್ಲ, ಗಂಟಲು ಕಟ್ಟಿತ್ತು. ಜ್ವರ ಬಂದು ನಾಲ್ಕು ದಿನವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಚಿಕ್ಕ ಮಗುವಿನ ಹಾಗೆ, "ಅಮ್ಮ ಬೇಕು. ಅಮ್ಮಂಗೆ ಕೊಡು" ಎಂದಳು.

ಕನ್ನಡದಲ್ಲಿ ಎಂದಳು. ಜ್ವರವೆಂದದ್ದು ನನ್ನನ್ನು ತಟ್ಟಲೇ ಇಲ್ಲ. ತಟ್ಟಿದ್ದು ಅದೊಂದೇ. ನಾನು ಎರಡು ವಾರ ಧೂಳಿನಲ್ಲಿ ಬೆರಳು ಸವೆಸಿ ಗಳಿಸಿದ್ದನ್ನು ಅವಳು ಎರಡು ಮಾತಿನಲ್ಲಿ ತೆಗೆದುಕೊಂಡು ಹೋಗುವವಳಿದ್ದಳು. ಅಮ್ಮ ಆ ಎರಡು ಮಾತು ಕೇಳಿದರೆ ಸಾಕು, ನಾನು ಮತ್ತೆ ಸಣ್ಣವಳು. "ಅಮ್ಮ ಮನೆಯಲ್ಲಿಲ್ಲ" ಎಂದೆ. ಸಂಜೆಗೂ ಇರುವುದಿಲ್ಲ, ಫೋನ್ ಮಾಡಬೇಡ ಎಂದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮ, "ಯಾರ್ ಅದ್, ಮಗಾ?" ಎಂದು ಕೇಳಿದಳು. ನಾನು ರಿಸೀವರ್ ಇಟ್ಟು, ರಾಂಗ್ ನಂಬರ್ ಎಂದೆ. ಅಮ್ಮ ಕೈ ಒರೆಸಿಕೊಂಡು ಬಂದು, ಬೆಂಡೆಕಾಯಿಯ ತಟ್ಟೆಯನ್ನೂ ತಂದಿಟ್ಟುಕೊಂಡು ಫೋನಿನ ಪಕ್ಕದಲ್ಲೇ ಕೂತಳು. ಮಗ್ರಿಬ್‌ನ ಬಾಂಗ್ ಕೂಗಿ ಸಂಜೆ ಕತ್ತಲಾಗುವವರೆಗೂ ಕೂತಿದ್ದಳು. ಅಂದು ನನಗೆ ಪಾಠ ಆಗಲಿಲ್ಲ.

ಅಕ್ಕ ಮತ್ತೆ ಕರೆ ಮಾಡಿದ್ದು ಬರುವ ದಿನ ತಿಳಿಸಲಷ್ಟೆ. ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುತ್ತೇನೆಂದು ನಾನು ಅಪ್ಪನ ಹಿಂದೆ ನಿಂತೆ. ಆದರೆ ಅವರಿಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಿಕೊಳ್ಳಲಿಲ್ಲ. ಅಕ್ಕ ಸೊರಗಿದ್ದಳು. ಜ್ವರದಲ್ಲಿ ಎನ್ಕಾರ್ನಾ ಮೂರು ದಿನ ಪಕ್ಕದಲ್ಲೇ ಕೂತಿದ್ದಳೆಂದು ಕಾರಿನಲ್ಲಿ ಅಪ್ಪನಿಗೆ ಹೇಳಿದಳು. ಅವಳನ್ನು ಈಗ ಮಮಾ ಎನ್ನುತ್ತಿದ್ದಳು. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಯಲ್ಲಿ ನಾನೂ ಅಮ್ಮನೂ ಕನ್ನಡ ಆಡತೊಡಗಿದಾಗ ಅಕ್ಕ ಒಂದು ಕ್ಷಣ ನಿಂತು ಕೇಳಿ, ತನ್ನ ಕೋಣೆಗೆ ಹೋದಳು. ನಾನು ದನಿ ಇನ್ನೂ ಸ್ವಲ್ಪ ಎತ್ತರಿಸಿದೆ. ಹದಿನೆಂಟಕ್ಕೆ ಅವಳು ಓದಲು ಸ್ಪೇನಿಗೆ ಹೋದಳು, ಅಲ್ಲೇ ಟೀಚರಾದಳು. ವರ್ಷಕ್ಕೊಮ್ಮೆ ಸಲ್ವಾದ ಮನೆಗೆ ಅತಿಥಿಯ ಹಾಗೆ ಬಂದು ಹೋಗುತ್ತಿದ್ದಳು.

ಆಮೇಲೆ ಅಮ್ಮನಿಗೆ ಕಾಯಿಲೆಯಾಯಿತು. ಆಸ್ಪತ್ರೆಯಲ್ಲಿ ಕೊನೆಯ ತಿಂಗಳು ನಾನು ಜೊತೆಗಿದ್ದೆ. ಅಕ್ಕ ಬಂದಿಳಿದದ್ದು ಅಮ್ಮ ಹೋದ ಮರುದಿನ ಬೆಳಿಗ್ಗೆ. ಊರಿನಲ್ಲಿ ಕಾರ್ಯವೆಲ್ಲ ಮುಗಿಸಿ ನಾವು ಮೂವರೂ ಕುವೈತಿಗೆ ವಾಪಸಾದೆವು, ಮನೆ ಖಾಲಿ ಮಾಡಲು. ಅಪ್ಪ ಇಕಾಮಾ, ಅಂದರೆ ಅಲ್ಲಿಯ ವಾಸದ ಪರವಾನಗಿ, ರದ್ದು ಮಾಡಿಸಲು ಕಚೇರಿಗೆ ಹೋಗಿದ್ದ ಒಂದು ಬೆಳಿಗ್ಗೆ, ಕಟ್ಟಿದ ರಟ್ಟಿನ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತಿದ್ದಾಗ, ಅಕ್ಕ ತನ್ನ ಕೈಚೀಲದಿಂದ ಮೂರು ಏರ್‌ಮೇಲ್ ಕವರ್ ತೆಗೆದಳು. ಆ ಬೇಸಿಗೆ ಅಮ್ಮ ಅವಳಿಗೆ ಬರೆದ ಪತ್ರಗಳು. ಅಪ್ಪ ಶುವೈಖ್‌ನಿಂದ ಪೋಸ್ಟ್ ಮಾಡಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಕನ್ನಡದಲ್ಲಿದ್ದವು. ಓದಿ ಹೇಳೆಂದು ಅಮ್ಮನನ್ನು ಕೇಳಲು ನಾಚಿಕೆಯಾಯಿತು, ನಿನ್ನನ್ನು ಕೇಳಲು ಮನಸ್ಸು ಬರಲಿಲ್ಲ ಎಂದಳು ಅಕ್ಕ, ಇಂಗ್ಲಿಷಿನಲ್ಲಿ. ಈಗ ಓದು ಎಂದಳು.

ಅಮ್ಮನ ದುಂಡು ಅಕ್ಷರ. ಮೊದಲ ಸಾಲೇ, "ನಿನಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಅದಕ್ಕೇ ಮನಸ್ಸಿಗೆ ಬಂದದ್ದೆಲ್ಲ ಬರೆಯುವ ಧೈರ್ಯ." ಒಂದೊಂದು ವಾಕ್ಯ ಓದಿ ಅಕ್ಕನಿಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅನ್ನ ಹಾಕುವವಳ ಭಾಷೆಯನ್ನು ಚೆನ್ನಾಗಿ ಕಲಿ ಎಂದು ಬರೆದಿದ್ದಳು. ನಿನ್ನ ತಲೆ ಅವಳು ಬಾಚುತ್ತಾಳೆಂದು ಕೇಳಿ ನನಗೆ ಹೊಟ್ಟೆ ಉರಿಯಿತು, ದೇವರು ಕ್ಷಮಿಸಲಿ ಎಂದು ಬರೆದಿದ್ದಳು. ಮೂರನೇ ಪತ್ರದ ನಡುವೆ ನನ್ನ ಕಣ್ಣು ದನಿಗಿಂತ ಮುಂದೆ ಹೋಯಿತು. "ಈ ಶುಕ್ರವಾರ ನಿನ್ನ ಫೋನ್ ಬರಲಿಲ್ಲ. ಒಂದು ರಾಂಗ್ ನಂಬರ್ ಬಂತು, ಅಷ್ಟೆ. ಸಂಜೆಯವರೆಗೂ ಕಾದೆ. ಅಲ್ಲಿ ಸಂತೋಷವಾಗಿದ್ದೀಯೆಂದು ತಿಳಿದುಕೊಳ್ಳುತ್ತೇನೆ."

ಆ ಸಾಲುಗಳನ್ನು ಬಿಟ್ಟುಬಿಡಬಹುದಿತ್ತು. ಕಾಗದ ಅವಳ ಕಣ್ಣ ಮುಂದೆಯೇ ಇತ್ತು, ಆದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಓದಿದೆ. ಇಂಗ್ಲಿಷಿಗೂ ತಂದೆ. ಆಮೇಲೆ, ರಾಂಗ್ ನಂಬರ್ ಎಂದದ್ದು ನಾನು ಎಂದೆ.

ಅಕ್ಕ ಖಾಲಿ ಕವರನ್ನು ನೆಲದ ಮೇಲಿಟ್ಟು ಅಂಗೈಯಿಂದ ಸವರಿದಳು. ಆ ದಿನ ಫೋನಿನಲ್ಲಿ ಹಿಂದಿನಿಂದ ಅಮ್ಮನ ದನಿ ತನಗೆ ಕೇಳಿಸಿತ್ತು ಎಂದಳು. ಇಲ್ಲವೆಂದು ಹೇಳಲು ಅಮ್ಮನೇ ನಿನಗೆ ಹೇಳಿಕೊಟ್ಟಿದ್ದಾಳೆ ಎಂದುಕೊಂಡೆ. ಇಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲಿನಂತೆಯೇ, ನಿಜವಾಗಿಯೂ ತಿಳಿಯಬೇಕೆಂಬಂತೆ, ಯಾಕೆ ಎಂದು ಕೇಳಿದಳು. ಅಮ್ಮ ಬರೆದಿದ್ದ ಮುಂದಿನ ಸಾಲು ನನ್ನ ಕೈಯಲ್ಲೇ ಇತ್ತು. ಅದನ್ನೇ ಓದಿದೆ. "ಸಣ್ಣವಳು ಈಗ ದಿನವಿಡೀ ಕನ್ನಡ ಮಾತಾಡುತ್ತಾಳೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ನನಗೆ ಗೊತ್ತು. ಆದರೂ ಕಿವಿಗೆ ಹಿತವಾಗಿದೆ, ಬೈಯಲು ಮನಸ್ಸು ಬರುವುದಿಲ್ಲ."

ಅಕ್ಕ ಎದ್ದು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು. ಅವಳ ಹೆಗಲು ಅಲುಗುವುದು ಒಳಗಿನಿಂದ ಕಾಣುತ್ತಿತ್ತು. ನಾನು ಹೋಗಲಿಲ್ಲ, ಹೋಗುವ ಅರ್ಹತೆ ಇರಲಿಲ್ಲ. ಆಮೇಲೆ ಆರೇಳು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ಈಗ ಮಾತಾಡುತ್ತಾಳೆ. ಅಪ್ಪನ ಬಿ.ಪಿ., ಅವಳ ಮಕ್ಕಳ ಪರೀಕ್ಷೆ, ಇಂಥದ್ದು. ಆ ದಿನದ ಸುದ್ದಿಯನ್ನು ನಾವಿಬ್ಬರೂ ಎತ್ತುವುದಿಲ್ಲ. ನಾನು ಕನ್ನಡದಲ್ಲಿ ಬರೆಯುವವಳಾದೆ. ಒಳ್ಳೆಯ ಕನ್ನಡ ಎಂದು ಯಾರಾದರೂ ಹೊಗಳಿದರೆ, ಅದು ಎಲ್ಲಿಂದ ಬಂತೆಂದು ಹೇಳಲು ಇಷ್ಟು ವರ್ಷ ನಾಚಿಕೊಂಡೆ.

ಪತ್ರಗಳನ್ನು ಅಕ್ಕ ತನ್ನೊಡನೆ ಒಯ್ದಳು, ಅವಳವೇ ತಾನೆ. ಒಂದನ್ನಾದರೂ ನನಗೆ ಕೊಡುವೆಯಾ ಎಂದು ಕೇಳಲು ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಅಮ್ಮ ನನಗೆ ಒಂದು ಸಾಲೂ ಬರೆದವಳಲ್ಲ. ಬರೆಯುವ ಸಂದರ್ಭವೇ ಬರಲಿಲ್ಲ. ನಾನು ಯಾವಾಗಲೂ ಅವಳ ಪಕ್ಕದಲ್ಲೇ ಇದ್ದೆ.