ಭಾವನ ಅಡ್ಡಗೈ ಮತ್ತು ನನ್ನ ಉದ್ದ ಲೆನ್ಸು

ಮಿತ್ರರೇ, ದಿನಾ ಹೆಗಲಿಗೆ ಹಾಕಿಕೊಂಡು ತಿರುಗುವ ಕ್ಯಾಮೆರಾಕ್ಕೆ ಯಾವ ಲೆನ್ಸು ಒಳ್ಳೆಯದು ಎಂಬ ಪ್ರಶ್ನೆ ಇವತ್ತು ಹುಲೇಕಲ್ಲಿನ ಉಪನಯನದ ಊಟದಲ್ಲಿ ಇತ್ಯರ್ಥವಾಯಿತು. ಶಿರಸಿಯ ಅಂಗಡಿಯವನು ಗಿಡ್ಡದೊಂದು, ಉದ್ದದೊಂದು ಕೊಟ್ಟು, "ಹಾಕಿ ನೋಡಿ, ಸಂಜೆ ಒಂದು ವಾಪಸ್ ಕೊಡಿ" ಎಂದಿದ್ದ. ನನ್ನಂಥ ಗಿರಾಕಿಯನ್ನು ನಂಬದೆ ಇನ್ಯಾರನ್ನು ನಂಬುತ್ತಾನೆ!

"ದೊಡ್ಡದೇ ತಗ ಮಾರಾಯಾ, ನಾಲ್ಕು ಜನ ತಿರುಗಿ ನೋಡವು" ಎಂದ ಭಾವ. ಅವನಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟು, ಪಂಕ್ತಿಯ ಆಚೆ ತುದಿಗೆ ಹೋಗಿ ಕುಳಿತ. ಹೋಳಿಗೆ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಕಂಡ್ಯಾ ತಮಾ, ಬ್ಯಾಡ ಅಂದ್ರು!" ಎಂದು ಹಿಗ್ಗಿದಳು.

ಆ ತ್ಯಾಗವನ್ನು, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದ ಲೆನ್ಸಿನಲ್ಲಿ ತೆಗೆದೆ. ನನ್ನ ಕೈ ಎಂದರೆ ಬಂಡೆ, ಚೂರೂ ಅಲುಗಲಿಲ್ಲ. ಪರದೆಯಲ್ಲಿ ನೋಡಿದರೆ, ಅಡ್ಡ ಹಿಡಿದ ಕೈಯ ಅಡಿಯಲ್ಲಿ ಆಗಲೇ ಎರಡು ಹೋಳಿಗೆ, ಮೇಲೆ ತುಪ್ಪ. ಬೇಡವೆಂದದ್ದು ಮೂರನೆಯದಕ್ಕೆ!

ಕೈ ತೊಳೆದು ಬಂದ ಭಾವನಿಗೆ ತೋರಿಸಿದೆ. ಅವನ ದನಿ ಇಳಿಯಿತು. "ದಿನಾ ಹೊತ್ಕಂಡು ತಿರುಗಲೆ ಇದು ಭಾರ ಆಗ್ತು. ಸಣ್ಣದೇ ತಗ."

ಅಷ್ಟರಲ್ಲಿ ಅಕ್ಕ ನನ್ನ ಹೆಗಲ ಹಿಂದಿನಿಂದ ಇಣುಕಿ ನೋಡಿಬಿಟ್ಟಿದ್ದಳು. ಗಂಡನನ್ನು ಬೈಯಲಿಲ್ಲ. "ತಮಾ, ದೊಡ್ಡದೇ ಇರ್ಲಿ. ನಾಡಿದ್ದು ಮತ್ತಿಘಟ್ಟದಲ್ಲೂ ಊಟ ಇದ್ದು" ಎಂದಳು.

ಗಿಡ್ಡ ಲೆನ್ಸು ಈಗಷ್ಟೇ ಅಂಗಡಿಗೆ ವಾಪಸ್ ಹೋಯಿತು. ಮತ್ತಿಘಟ್ಟಕ್ಕೆ ಭಾವ ಬರುತ್ತಾನೋ ಇಲ್ಲವೋ, ಲೆನ್ಸಂತೂ ಬರುತ್ತದೆ.